ಐಎನ್‌ಎಸ್ ಮೈಸೂರು: ನೈಜೀರಿಯಾ ಹೆಸರಲ್ಲಿ ಹುಟ್ಟಿದ ಕ್ರೂಸರ್

ಪ್ರಶ್ನೆ: ನಮ್ಮ ದೊಡ್ಡಪ್ಪ ನೌಕಾಪಡೆಯಲ್ಲಿದ್ದರು. ಹಳೇ ಐಎನ್‌ಎಸ್ ಮೈಸೂರಿನಲ್ಲಿ ಕೆಲಸ ಮಾಡಿದವರು. ಆ ಹಡಗು ಮೊದಲು ಬ್ರಿಟಿಷರದ್ದಾಗಿತ್ತಂತೆ. ಅದರ ಹಿಂದಿನ ಕಥೆ ಏನು? ಅದನ್ನು ‘ಲೈಟ್ ಕ್ರೂಸರ್’ ಅಂತಾರೆ, ಎಂಟು ಸಾವಿರ ಟನ್ನಿನ ಹಡಗು ಲೈಟ್ ಹೇಗಾಗುತ್ತದೆ? ಬಳಸಿ ಸಾಕಾದ ಹಡಗನ್ನು ಬ್ರಿಟಿಷರು ನಮ್ಮ ತಲೆಗೆ ಕಟ್ಟಿದರು ಅಂತ ಸ್ನೇಹಿತರೊಬ್ಬರು ವಾದ ಮಾಡಿದರು. ನಿಜವಾ?

ಉತ್ತರ: ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಈ ವಾದ ಬಹಳ ಕಡೆ ಕೇಳಿಬರುತ್ತದೆ. ಹಳೇ ಹಡಗು ಅನ್ನೋದು ನಿಜ. ಬ್ರಿಟನ್ನಿಗೆ ಅಷ್ಟು ಕ್ರೂಸರ್‌ಗಳನ್ನು, ಅಂದರೆ ದೂರದ ಸಮುದ್ರದಲ್ಲಿ ಓಡಾಡುವ ದೊಡ್ಡ ತೋಪಿನ ಯುದ್ಧಹಡಗುಗಳನ್ನು, ಸಾಕುವ ಶಕ್ತಿ ಉಳಿದಿರಲಿಲ್ಲ ಅನ್ನೋದೂ ನಿಜ. ಆದರೆ 1957ರ ಭಾರತಕ್ಕೆ ಅದು ಸರಿಯಾದ ಖರೀದಿಯೇ ಆಗಿತ್ತು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಅದು ಯಾಕೆ ಅಂತ ಗೊತ್ತಾಗಬೇಕಾದರೆ ಆ ಹಡಗು ಯಾವ ಒತ್ತಡದಲ್ಲಿ ಹುಟ್ಟಿತು, ಯಾವ ಪೆಟ್ಟು ತಿಂದು ಬದುಕಿತು ಅನ್ನೋದನ್ನು ನೋಡಬೇಕು.

‘ಲೈಟ್’ ಅನ್ನೋದಕ್ಕೂ ತೂಕಕ್ಕೂ ಸಂಬಂಧ ಇಲ್ಲ. 1930ರ ಲಂಡನ್ ನೌಕಾ ಒಪ್ಪಂದದಲ್ಲಿ ಕ್ರೂಸರ್‌ಗಳನ್ನು ತೋಪಿನ ಬಾಯಿಯ ಅಳತೆ ನೋಡಿ ಎರಡು ಭಾಗ ಮಾಡಿದರು. ತೋಪು 6.1 ಇಂಚಿನ ಒಳಗಿದ್ದರೆ ಲೈಟ್, ಅದಕ್ಕಿಂತ ದೊಡ್ಡದಾಗಿ 8 ಇಂಚಿನವರೆಗೆ ಇದ್ದರೆ ಹೆವಿ. ಅಷ್ಟೇ ಲೆಕ್ಕ.

ನಿಮ್ಮ ದೊಡ್ಡಪ್ಪನ ಹಡಗಿಗೆ ಸಂಬಂಧಪಟ್ಟಿದ್ದು ಮುಂದಿನ ಒಪ್ಪಂದ, 1936ರ ಮಾರ್ಚ್‌ನದ್ದು. ಇನ್ನು ಮುಂದೆ ಲೈಟ್ ಕ್ರೂಸರ್ 8,000 ಟನ್ ಮೀರಬಾರದು ಅಂತ ಅದರಲ್ಲಿ ಬಂತು. ಆ ಹೊತ್ತಿಗೆ ಬ್ರಿಟಿಷರು ‘ಟೌನ್’ ಕ್ಲಾಸಿನ ಕ್ರೂಸರ್‌ಗಳನ್ನು ಕಟ್ಟುತ್ತಿದ್ದರು. ಒಂದೇ ನಕ್ಷೆಯಲ್ಲಿ ಕಟ್ಟಿದ ಹಡಗುಗಳ ಗುಂಪಿಗೆ ಕ್ಲಾಸ್ ಅಂತಾರೆ, ಗೊತ್ತಿರಬಹುದು. ಆ ಟೌನ್ ಕ್ಲಾಸ್ ಹಡಗುಗಳು ಸುಮಾರು 9,100 ಟನ್, ಹನ್ನೆರಡು 6 ಇಂಚಿನ ತೋಪುಗಳು. ಸಾವಿರ ಟನ್ನಿಗೂ ಜಾಸ್ತಿ ಕಡಿಮೆ ಮಾಡಬೇಕು, ಆದರೆ ಹನ್ನೆರಡು ತೋಪು ಹನ್ನೆರಡೇ ಇರಬೇಕು, ವೇಗವೂ 32 ನಾಟ್‌ಗಿಂತ (ಗಂಟೆಗೆ ಸುಮಾರು 59 ಕಿಲೋಮೀಟರ್) ಇಳಿಯಬಾರದು. ಆ ನಕ್ಷೆ ಬರೆದವರ ಕಷ್ಟ ಊಹಿಸಿಕೊಳ್ಳಿ.

ಅವರು ಮಾಡಿದ್ದು ಇಷ್ಟು. ಹಡಗಿನ ಉದ್ದವನ್ನು ಸುಮಾರು 591 ಅಡಿಯಿಂದ 555 ಅಡಿಗೆ ಇಳಿಸಿದರು. ಪಕ್ಕದ ಉಕ್ಕಿನ ಕವಚವನ್ನು ನಾಲ್ಕೂವರೆ ಇಂಚಿನಿಂದ ಮೂರೂಕಾಲು, ಮೂರೂವರೆ ಇಂಚಿಗೆ ತಂದರು. ಹಿಂಭಾಗವನ್ನು ದುಂಡಗೆ ಮಾಡದೆ ಚೌಕವಾಗಿ ಕತ್ತರಿಸಿದ ಹಾಗೆ ಮಾಡಿದರು, ಅದರಿಂದ ಒಳಗೆ ಜಾಗವೂ ಸಿಕ್ಕಿತು, ವೇಗಕ್ಕೂ ಅನುಕೂಲವಾಯಿತು. ಟೌನ್ ಕ್ಲಾಸಿನ ಚಿಮಣಿಗಳು ಹಿಂದಕ್ಕೆ ಓರೆಯಾಗಿದ್ದರೆ ಇವುಗಳದ್ದು ನೆಟ್ಟಗೆ ನಿಂತಿರುತ್ತವೆ. ಹಳೇ ಫೋಟೋದಲ್ಲಿ ಗುರುತು ಹಿಡಿಯೋದಕ್ಕೆ ಇದೇ ಸುಲಭದ ದಾರಿ.

ಹೀಗೆ ಹುಟ್ಟಿದ್ದು ‘ಕ್ರೌನ್ ಕಾಲೊನಿ’ ಕ್ಲಾಸ್. ಮೊದಲ ಹಡಗಿನ ಹೆಸರಿಂದ ಫಿಜಿ ಕ್ಲಾಸ್ ಅಂತಲೂ ಕರೆಯುತ್ತಾರೆ. 1940ರಿಂದ 1943ರ ನಡುವೆ ಒಟ್ಟು ಹನ್ನೊಂದು ಹಡಗು ಸೇವೆಗೆ ಬಂದವು: ಫಿಜಿ, ನೈಜೀರಿಯಾ, ಮಾರಿಷಸ್, ಕೀನ್ಯಾ, ಟ್ರಿನಿಡಾಡ್, ಜಮೈಕಾ, ಗ್ಯಾಂಬಿಯಾ, ಬರ್ಮುಡಾ, ಆಮೇಲೆ ಸ್ವಲ್ಪ ಬದಲಾದ ನಕ್ಷೆಯಲ್ಲಿ ಸಿಲೋನ್, ನ್ಯೂಫೌಂಡ್‌ಲ್ಯಾಂಡ್, ಉಗಾಂಡಾ. ಎಲ್ಲವೂ ಬ್ರಿಟಿಷ್ ಸಾಮ್ರಾಜ್ಯದ ಜಾಗಗಳ ಹೆಸರು. ನಮ್ಮ ಮೈಸೂರು ಅಂದರೆ ಇದರಲ್ಲಿ ಎರಡನೆಯದು, ನೈಜೀರಿಯಾ. ನ್ಯೂಕ್ಯಾಸಲ್ ಹತ್ತಿರ ಟೈನ್ ನದಿಯ ದಡದಲ್ಲಿ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಯಾರ್ಡ್‌ನಲ್ಲಿ 1938ರಲ್ಲಿ ಕೆಲಸ ಶುರುವಾಗಿ, 1939ರ ಜುಲೈನಲ್ಲಿ ನೀರಿಗಿಳಿದು, 1940ರ ಸೆಪ್ಟೆಂಬರ್‌ನಲ್ಲಿ ನೌಕಾಪಡೆ ಸೇರಿತು.

ಇಲ್ಲಿ ಸ್ವಲ್ಪ ನಿಂತು ತೋಪುಗಳ ಬಗ್ಗೆ ಹೇಳಬೇಕು. ಈ ಹಡಗಿನ ಇಡೀ ವ್ಯಕ್ತಿತ್ವವೇ ಅದರಲ್ಲಿದೆ. ಮೂರು ಮೂರು ತೋಪುಗಳನ್ನು ಒಂದೊಂದು ತಿರುಗುವ ಟರೆಟ್‌ನಲ್ಲಿ ಕೂರಿಸಿದ್ದರು, ಮುಂದೆ ಎರಡು ಟರೆಟ್, ಹಿಂದೆ ಎರಡು. ಒಂದೊಂದು ಗುಂಡು ಸುಮಾರು 51 ಕಿಲೋ. ಒಳ್ಳೆಯ ತಂಡ ಇದ್ದರೆ ಒಂದು ತೋಪಿನಿಂದ ನಿಮಿಷಕ್ಕೆ ಆರರಿಂದ ಎಂಟು ಗುಂಡು ಹಾರುತ್ತಿತ್ತು, 23 ಕಿಲೋಮೀಟರ್ ದೂರದವರೆಗೆ. ಫೋಟೋದಲ್ಲಿ ಗಮನಿಸಿ, ಮೂರರಲ್ಲಿ ನಡುವಿನ ತೋಪು ಸ್ವಲ್ಪ ಹಿಂದೆ ಸರಿದಿರುತ್ತದೆ. ಮೂರೂ ಒಟ್ಟಿಗೆ ಹಾರಿದಾಗ ಪಕ್ಕದ ಗುಂಡಿನ ಹೊಡೆತಕ್ಕೆ ಇನ್ನೊಂದು ದಾರಿ ತಪ್ಪಬಾರದು ಅಂತ ಹಾಗೆ ಮಾಡಿದ್ದು. ಒಂದೇ ಕೊರತೆ ಅಂದರೆ ಆ ತೋಪುಗಳು 45 ಡಿಗ್ರಿಗಿಂತ ಮೇಲೆ ಏಳುತ್ತಿರಲಿಲ್ಲ. ಸಮುದ್ರದ ಮೇಲಿನ ಹಡಗಿಗೆ ಅದು ಸಾಕು, ತಲೆ ಮೇಲೆ ಬರುವ ವಿಮಾನಕ್ಕೆ ಸಾಲದು. ವಿಮಾನಕ್ಕೆ ಅಂತ ಬೇರೆ ಎಂಟು 4 ಇಂಚಿನ ತೋಪುಗಳಿದ್ದವು.

ಎರಡನೇ ಮುಖ್ಯ ವಿಷಯ ಎಂಜಿನ್ ರೂಮಿನ ಜೋಡಣೆ. ಹಬೆ ಮಾಡುವ ಬಾಯ್ಲರ್ ಎಲ್ಲ ಒಂದು ಕಡೆ, ಆ ಹಬೆಯಿಂದ ತಿರುಗುವ ಎಂಜಿನ್, ಅಂದರೆ ಟರ್ಬೈನ್, ಎಲ್ಲ ಒಂದು ಕಡೆ ಇಟ್ಟರೆ, ನೀರಿನೊಳಗೆ ಓಡಿಬಂದು ಸಿಡಿಯುವ ಒಂದೇ ಟಾರ್ಪೆಡೊ ಹಡಗನ್ನು ನಿಲ್ಲಿಸಿಬಿಡುತ್ತದೆ. ಇವರು ಬಾಯ್ಲರ್, ಎಂಜಿನ್, ಮತ್ತೆ ಬಾಯ್ಲರ್, ಮತ್ತೆ ಎಂಜಿನ್ ಅಂತ ಜೋಡಿಸಿದರು. ಅರ್ಧ ಹೋದರೂ ಇನ್ನರ್ಧ ಓಡಿಸುತ್ತದೆ. ಎರಡು ಚಿಮಣಿಗಳ ನಡುವೆ ಅಷ್ಟು ದೂರ ಇರೋದೂ ಇದೇ ಕಾರಣಕ್ಕೆ. ಸುಮ್ನೆ ತಾಂತ್ರಿಕ ವಿವರ ಅಂತ ಇದನ್ನು ದಾಟಿಹೋಗಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಯುದ್ಧ ಶುರುವಾದ ಮೇಲೆ ಒಪ್ಪಂದದ ಮಿತಿಗೆ ಅರ್ಥ ಉಳಿಯಲಿಲ್ಲ. ರಾಡಾರ್ ಬಂತು, ವಿಮಾನ ಹೊಡೆಯುವ ಸಣ್ಣ ತೋಪುಗಳು ಬಂದವು, ಅವನ್ನು ನಡೆಸೋಕೆ ಜನ ಬಂದರು. ಏಳುನೂರು ಚಿಲ್ಲರೆ ಜನಕ್ಕೆ ಮಾಡಿದ ಹಡಗಿನಲ್ಲಿ ಒಂಬೈನೂರಕ್ಕೂ ಜಾಸ್ತಿ ಜನ ತುಂಬಿಕೊಂಡರು. ಪೂರ್ತಿ ತುಂಬಿದಾಗ ತೂಕ ಹತ್ತು ಸಾವಿರ ಟನ್ ದಾಟುತ್ತಿತ್ತು. ಇಕ್ಕಟ್ಟಾದ ಹಡಗು, ಮೇಲ್ಭಾಗ ಭಾರ. ಅದಕ್ಕೇ ಕೊನೆಯ ಮೂರು ಹಡಗುಗಳನ್ನು ಒಂಬತ್ತು ತೋಪಿನೊಂದಿಗೇ ಕಟ್ಟಿದರು, ಹಳೆಯವುಗಳಲ್ಲೂ ಹೆಚ್ಚಿನವುಗಳಿಂದ ಹಿಂದಿನ ಒಂದು ಟರೆಟ್ ತೆಗೆದುಹಾಕಿದರು. ಭಾರತಕ್ಕೆ ಬಂದಾಗ ಮೈಸೂರಿನಲ್ಲಿದ್ದದ್ದೂ ಒಂಬತ್ತೇ.

ಈಗ ನೈಜೀರಿಯಾದ ಯುದ್ಧದ ಕಥೆ.

1941ರ ಜೂನ್ 28ರಂದು ಉತ್ತರ ಅಟ್ಲಾಂಟಿಕ್‌ನ ತಣ್ಣನೆ ನೀರಿನಲ್ಲಿ, ಯಾನ್ ಮಾಯೆನ್ ದ್ವೀಪದ ಆಚೆ, ನೈಜೀರಿಯಾ ಮತ್ತು ಜೊತೆಯ ಡಿಸ್ಟ್ರಾಯರ್‌ಗಳು (ಕ್ರೂಸರ್‌ಗಿಂತ ಸಣ್ಣ, ವೇಗದ ಯುದ್ಧಹಡಗುಗಳು) ಲಾವೆನ್‌ಬರ್ಗ್ ಎಂಬ ಜರ್ಮನ್ ಹವಾಮಾನ ಹಡಗನ್ನು ಹಿಡಿದವು. ನೋಡೋಕೆ ಮೀನು ಹಿಡಿಯುವ ದೋಣಿಯಂಥದ್ದು. ಆದರೆ ಅದರೊಳಗೆ ಎನಿಗ್ಮಾ ಸಂಕೇತ ಯಂತ್ರದ ಜುಲೈ ತಿಂಗಳ ಕೀಲಿ ಕಾಗದಗಳಿದ್ದವು. ಅವು ಬ್ರಿಟಿಷರು ಶತ್ರುವಿನ ಸಂಕೇತ ಬಿಡಿಸುತ್ತಿದ್ದ ಬ್ಲೆಚ್ಲಿ ಪಾರ್ಕ್ ತಲುಪಿದವು. ಜರ್ಮನ್ ಸಬ್‌ಮರೀನ್‌ಗಳ ಸಂದೇಶ ಓದೋಕೆ ಬ್ರಿಟಿಷರಿಗೆ ಆ ತಿಂಗಳು ಅದರಿಂದ ದೊಡ್ಡ ಸಹಾಯವಾಯಿತು. ಈ ಘಟನೆ ದಶಕಗಳ ಕಾಲ ಗುಟ್ಟಾಗಿಯೇ ಉಳಿದಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ನಾರ್ವೆಯ ತೀರದಲ್ಲಿ ಅರೋರಾ ಎಂಬ ಕ್ರೂಸರ್ ಜೊತೆ ಸೇರಿ ಬ್ರೆಮ್ಸೆ ಎಂಬ ಜರ್ಮನ್ ಹಡಗನ್ನು ಮುಳುಗಿಸಿತು, ಆ ಕಾಳಗದಲ್ಲಿ ತನ್ನ ಮೂತಿಗೂ ದೊಡ್ಡ ಪೆಟ್ಟು ಮಾಡಿಕೊಂಡಿತು.

ದೊಡ್ಡ ಪರೀಕ್ಷೆ ಬಂದಿದ್ದು 1942ರ ಆಗಸ್ಟ್‌ನಲ್ಲಿ. ಮೆಡಿಟರೇನಿಯನ್‌ನ ಮಾಲ್ಟಾ ದ್ವೀಪ ಮುತ್ತಿಗೆಯಲ್ಲಿ ಹಸಿವಿನಿಂದ ಸೋಲುವ ಸ್ಥಿತಿಗೆ ಬಂದಿತ್ತು. ಹದಿನಾಲ್ಕು ಸರಕು ಹಡಗುಗಳನ್ನು ಹೇಗಾದರೂ ಅಲ್ಲಿಗೆ ಮುಟ್ಟಿಸಬೇಕು ಅಂತ ಬ್ರಿಟಿಷರು ‘ಪೆಡೆಸ್ಟಲ್’ ಕಾರ್ಯಾಚರಣೆ ಮಾಡಿದರು. ಕೊನೆಯ ಹಂತದ ಬೆಂಗಾವಲಿನ ನಾಯಕ ರಿಯರ್ ಅಡ್ಮಿರಲ್ ಹೆರಾಲ್ಡ್ ಬರೋ, ಅವರ ಬಾವುಟ ಹಾರುತ್ತಿದ್ದದ್ದು, ಅಂದರೆ ಅವರು ಇದ್ದು ಪಡೆ ನಡೆಸುತ್ತಿದ್ದದ್ದು, ನೈಜೀರಿಯಾದ ಮೇಲೆ. ಆಗಸ್ಟ್ 12ರ ಸಂಜೆ ಆಕ್ಸುಮ್ ಎಂಬ ಇಟಾಲಿಯನ್ ಸಬ್‌ಮರೀನ್ ನಾಲ್ಕು ಟಾರ್ಪೆಡೊ ಬಿಟ್ಟಿತು. ಒಂದೇ ಬಾರಿಗೆ ಮೂರು ಹಡಗುಗಳಿಗೆ ಪೆಟ್ಟಾಯಿತು: ನೈಜೀರಿಯಾ, ಕೈರೋ ಎಂಬ ಇನ್ನೊಂದು ಕ್ರೂಸರ್, ಮತ್ತು ಎಲ್ಲಕ್ಕಿಂತ ಮುಖ್ಯವಾದ ಓಹಿಯೋ ಎಂಬ ಎಣ್ಣೆ ಟ್ಯಾಂಕರ್. ಇಡೀ ಯುದ್ಧದಲ್ಲಿ ಇಷ್ಟು ಫಲ ಕೊಟ್ಟ ಟಾರ್ಪೆಡೊ ದಾಳಿಗಳು ಬಹಳ ಕಡಿಮೆ.

ಕೈರೋ ಉಳಿಯಲಿಲ್ಲ. ನೈಜೀರಿಯಾದಲ್ಲಿ 52 ಜನ ಸತ್ತರು. ಇನ್ನೂ ಕೆಟ್ಟದ್ದೇನೆಂದರೆ, ಮಾಲ್ಟಾದಿಂದ ಬರುವ ಯುದ್ಧ ವಿಮಾನಗಳ ಜೊತೆ ರೇಡಿಯೋದಲ್ಲಿ ಮಾತಾಡಿ ದಾರಿ ತೋರಿಸುವ ವ್ಯವಸ್ಥೆ ಇದ್ದದ್ದು ಈ ಎರಡೇ ಹಡಗುಗಳಲ್ಲಿ. ಎರಡೂ ಒಟ್ಟಿಗೆ ಹೋದವು. ಮೇಲೆ ವಿಮಾನ ಬಂದರೂ ಕೆಳಗಿನಿಂದ ಹೇಳುವವರಿಲ್ಲ. ಅಡ್ಮಿರಲ್ ಬರೋ ಅಶಾಂತಿ ಎಂಬ ಡಿಸ್ಟ್ರಾಯರ್‌ಗೆ ಹೋಗಿ ಮುಂದೆ ಸಾಗಿದರು. ಹದಿನಾಲ್ಕರಲ್ಲಿ ಐದು ಸರಕು ಹಡಗುಗಳು ಮಾಲ್ಟಾ ಸೇರಿದವು. ಓಹಿಯೋವನ್ನು ಎರಡೂ ಪಕ್ಕ ಹಡಗು ಕಟ್ಟಿಕೊಂಡು ಆಗಸ್ಟ್ 15ಕ್ಕೆ ಬಂದರಿಗೆ ತಂದರು. ಅಷ್ಟರಿಂದಲೇ ಮಾಲ್ಟಾ ಉಳಿಯಿತು.

ನೈಜೀರಿಯಾ ಅಷ್ಟು ನೀರು ತುಂಬಿಕೊಂಡೂ ವಾಪಸ್ ತಿರುಗಿ ಜಿಬ್ರಾಲ್ಟರ್ ತಲುಪಿತು. ಮೇಲೆ ಹೇಳಿದ ಎಂಜಿನ್ ಜೋಡಣೆಗೆ, ಒಳಗಿದ್ದ ಜನರ ದುಡಿಮೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಆಮೇಲೆ ಅಮೆರಿಕಕ್ಕೆ ಹೋಗಿ ತಿಂಗಳುಗಟ್ಟಲೆ ರಿಪೇರಿ ಆಯಿತು. 1944ರಿಂದ ಹಿಂದೂ ಮಹಾಸಾಗರದ ಈಸ್ಟರ್ನ್ ಫ್ಲೀಟ್‌ನಲ್ಲಿತ್ತು. ಅಂದರೆ ಮೈಸೂರು ಅಂತ ಹೆಸರು ಪಡೆಯುವ ಮೊದಲೇ ನಮ್ಮ ಸಮುದ್ರದ ಪರಿಚಯ ಅದಕ್ಕಿತ್ತು.

ಎಲ್ಲ ಸೋದರಿ ಹಡಗುಗಳಿಗೂ ಈ ಅದೃಷ್ಟ ಇರಲಿಲ್ಲ. ಫಿಜಿ 1941ರ ಮೇ 22ರಂದು ಕ್ರೀಟ್ ಹತ್ತಿರ ದಿನವಿಡೀ ವಿಮಾನಗಳ ಜೊತೆ ಕಾದಾಡಿ, ವಿಮಾನ ಹೊಡೆಯುವ ಮದ್ದುಗುಂಡು ಖಾಲಿಯಾಗಿ, ಕೊನೆಗೆ ಅಭ್ಯಾಸದ ಗುಂಡುಗಳನ್ನೇ ಹಾರಿಸುವ ಸ್ಥಿತಿಗೆ ಬಂದು ಮುಳುಗಿತು. 241 ಜನ ಹೋದರು. ಟ್ರಿನಿಡಾಡ್‌ನದ್ದು ಇನ್ನೂ ನೋವಿನ ಕಥೆ. 1942ರ ಮಾರ್ಚ್‌ನಲ್ಲಿ ರಷ್ಯಾಕ್ಕೆ ಹೋಗುವ ಹಡಗುಗಳಿಗೆ ಬೆಂಗಾವಲಾಗಿದ್ದಾಗ ಶತ್ರುವಿನ ಮೇಲೆ ಬಿಟ್ಟ ತನ್ನದೇ ಟಾರ್ಪೆಡೊ ಆ ಚಳಿಗೆ ಕೆಟ್ಟು, ತಿರುಗಿ ಬಂದು ತನಗೇ ಬಡಿಯಿತು. ತೋಪಿನ ಗುರಿಯ ಲೆಕ್ಕ ಮಾಡುವ ಕೋಣೆ ಹಡಗಿನ ತಳದಲ್ಲಿತ್ತು. ಬ್ರಿಟಿಷ್ ಹಡಗುಗಳಲ್ಲಿ ಆ ಕೆಲಸ ಬ್ಯಾಂಡ್ ನುಡಿಸುವವರದ್ದು. ಎಣ್ಣೆ ಟ್ಯಾಂಕ್ ಒಡೆದು ಆ ಕೋಣೆಗೆ ನುಗ್ಗಿ ಅವರಲ್ಲಿ ಹೆಚ್ಚಿನವರು ಎಣ್ಣೆಯಲ್ಲೇ ಮುಳುಗಿ ಸತ್ತರು. ಬದುಕಿ ಬಂದವರಲ್ಲಿ ಸಂಗೀತಗಾರ ಜಾರ್ಜ್ ಲಾಯ್ಡ್ ಒಬ್ಬರು. ರಷ್ಯಾದಲ್ಲಿ ಹೇಗೋ ತೇಪೆ ಹಾಕಿಸಿಕೊಂಡು ಮೇ ತಿಂಗಳಲ್ಲಿ ವಾಪಸ್ ಬರುವಾಗ ಬಾಂಬ್ ಬಿದ್ದು ಬೆಂಕಿ ಹತ್ತಿತು, ತಮ್ಮ ಕೈಯಾರೆ ಮುಳುಗಿಸಬೇಕಾಯಿತು.

ಜಮೈಕಾ ವಿಷಯ ಹೇಳದೇ ಇರೋಕಾಗಲ್ಲ, ಅದಕ್ಕೆ ನಮ್ಮ ಕಡೆಯ ಒಂದು ಎಳೆ ಇದೆ. 1942ರ ಡಿಸೆಂಬರ್ 31ರಂದು ಬ್ಯಾರೆಂಟ್ಸ್ ಸಮುದ್ರದಲ್ಲಿ ಆನ್ಸ್‌ಲೋ ಎಂಬ ಡಿಸ್ಟ್ರಾಯರ್ ಮತ್ತು ಜೊತೆಗಾರರು ತಮಗಿಂತ ಎಷ್ಟೋ ದೊಡ್ಡ ಜರ್ಮನ್ ಹಡಗುಗಳನ್ನು ತಡೆದು ನಿಂತಿದ್ದರು. ಆನ್ಸ್‌ಲೋಗೆ ಜೋರು ಪೆಟ್ಟು ಬಿದ್ದಿತ್ತು. ಜಮೈಕಾ ಮತ್ತು ಶೆಫೀಲ್ಡ್ ಬಂದು ಜರ್ಮನ್ನರನ್ನು ಓಡಿಸಿದವು. ಮುಂದೆ 1949ರಲ್ಲಿ ಆನ್ಸ್‌ಲೋ ಪಾಕಿಸ್ತಾನಕ್ಕೆ ಹೋಯಿತು. ಅಲ್ಲಿ ಅದಕ್ಕಿಟ್ಟ ಹೆಸರು ಟಿಪ್ಪು ಸುಲ್ತಾನ್. ಜಮೈಕಾದ ಸೋದರಿ ಭಾರತಕ್ಕೆ ಬಂದು ಮೈಸೂರು ಆಯಿತು. ಒಂದೇ ನೌಕಾಪಡೆಯಲ್ಲಿದ್ದ ಎರಡು ಹಡಗುಗಳು, ನಮ್ಮ ನೆಲದ ಎರಡು ಹೆಸರು ಹೊತ್ತು, 1965ರಲ್ಲಿ ಎದುರು ಬದುರು ಪಡೆಗಳಲ್ಲಿದ್ದವು. ಈ ವಿಷಯ ನೆನೆದಾಗಲೆಲ್ಲ ಮನಸ್ಸಿಗೆ ಏನೋ ಆಗುತ್ತದೆ.

ಇನ್ನು ಭಾರತದ ಭಾಗ. 1948ರಲ್ಲೇ ಅಕಿಲೀಸ್ ಎಂಬ ಹಳೇ ಕ್ರೂಸರ್ ತಂದು ಡೆಲ್ಲಿ ಅಂತ ಹೆಸರಿಟ್ಟಿದ್ದೆವು. ಎರಡನೆಯದಾಗಿ 1954ರಲ್ಲಿ ನೈಜೀರಿಯಾವನ್ನು ಕೊಂಡುಕೊಂಡರು. ಕೊಂಡ ಕೂಡಲೇ ಹಾಗೇ ತರಲಿಲ್ಲ. ಬರ್ಕೆನ್‌ಹೆಡ್‌ನ ಕ್ಯಾಮೆಲ್ ಲೇರ್ಡ್ ಯಾರ್ಡ್‌ನಲ್ಲಿ ದೊಡ್ಡ ಮಟ್ಟದಲ್ಲಿ ಹೊಸದು ಮಾಡಿಸಿದರು. ಟಾರ್ಪೆಡೊ ಕೊಳವೆಗಳನ್ನು ತೆಗೆದರು. ಕೊನೆಗೆ 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಆಗಿ ಸೇವೆಗೆ ಬಂತು. ಹಿಂದಿನ ವರ್ಷ ನವೆಂಬರ್ 1ಕ್ಕೆ ತಾನೇ ಕನ್ನಡ ಮಾತಾಡುವ ಜಿಲ್ಲೆಗಳು ಸೇರಿ ದೊಡ್ಡ ಮೈಸೂರು ರಾಜ್ಯ ಆಗಿತ್ತು ಅನ್ನೋದು ನೆನಪಿರಲಿ.

ಯಾಕೆ ಸರಿಯಾದ ಖರೀದಿ ಅಂದೆ? ಆಗ ನಮ್ಮ ನೌಕಾಪಡೆಯ ಮುಖ್ಯಸ್ಥರು ಇನ್ನೂ ಬ್ರಿಟಿಷ್ ಅಧಿಕಾರಿ. ಮೊದಲ ಭಾರತೀಯ ಮುಖ್ಯಸ್ಥರಾಗಿ ಅಡ್ಮಿರಲ್ ಕಟಾರಿ ಬಂದದ್ದು 1958ರಲ್ಲಿ. ಸ್ವಂತ ಕ್ರೂಸರ್ ಕಟ್ಟುವ ಯಾರ್ಡ್ ನಮ್ಮಲ್ಲಿರಲಿಲ್ಲ. ಹೊಸದು ಕಟ್ಟಿಸೋಕೆ ದುಡ್ಡಿರಲಿಲ್ಲ. ಆದರೆ ದೊಡ್ಡ ಹಡಗು ನಡೆಸೋದು, ನೂರಾರು ಜನರ ತಂಡವನ್ನು ತಿಂಗಳುಗಟ್ಟಲೆ ಸಮುದ್ರದಲ್ಲಿ ಹಿಡಿದಿಡೋದು, ಹತ್ತಾರು ಹಡಗುಗಳ ಪಡೆಗೆ ಒಂದು ಕಡೆಯಿಂದ ಆಜ್ಞೆ ಕೊಡೋದು, ಹಬೆಯ ಎಂಜಿನ್ ಸಾಕೋದು, ಇದನ್ನೆಲ್ಲ ಪುಸ್ತಕ ಓದಿ ಕಲಿಯೋಕಾಗಲ್ಲ. ಕಲಿಯೋಕೆ ದೊಡ್ಡ ಹಡಗೇ ಬೇಕು. ಪಾಕಿಸ್ತಾನವೂ ಅದೇ ಕಾಲಕ್ಕೆ ಡಯಾಡೆಮ್ ಎಂಬ ಬ್ರಿಟಿಷ್ ಲೈಟ್ ಕ್ರೂಸರ್ ಕೊಂಡು ಬಾಬರ್ ಅಂತ ಹೆಸರಿಟ್ಟಿತು. ಅದು 5.25 ಇಂಚಿನ ಎಂಟು ತೋಪಿನ ಸಣ್ಣ ಹಡಗು. ಪೆರು ದೇಶ ಇದೇ ಕ್ಲಾಸಿನ ಸಿಲೋನ್, ನ್ಯೂಫೌಂಡ್‌ಲ್ಯಾಂಡ್ ಎರಡನ್ನೂ ಕೊಂಡು ವರ್ಷಗಟ್ಟಲೆ ಬಳಸಿತು. ಕೆನಡಾ ಉಗಾಂಡಾವನ್ನು ತೆಗೆದುಕೊಂಡಿತ್ತು. ಭಾರತ ಒಂದೇ ಮೋಸ ಹೋಯಿತು ಅನ್ನೋದಕ್ಕೆ ಯಾವ ಆಧಾರವೂ ಇಲ್ಲ.

ನಿಮ್ಮ ಸ್ನೇಹಿತರ ವಾದದಲ್ಲಿ ಒಂದು ಅಂಶವನ್ನು ಮಾತ್ರ ಒಪ್ಪುತ್ತೇನೆ. ಹೋರಾಡುವ ಹಡಗಾಗಿ ತೋಪಿನ ಕ್ರೂಸರ್‌ನ ಕಾಲ ಆಗಲೇ ಮುಗಿಯುತ್ತಾ ಬಂದಿತ್ತು. ಜೆಟ್ ವಿಮಾನದ ಎದುರು 1936ರ ನಕ್ಷೆ ಎಷ್ಟು ದಿನ ತಡೆಯುತ್ತದೆ?

ಮೈಸೂರು ನಿಜವಾದ ಕಾಳಗ ಕಂಡದ್ದು ಕರ್ನಾಟಕದ ಕಣ್ಣೆದುರಲ್ಲೇ. ಕಾರವಾರದ ಎದುರು ಅಂಜದೀವ್ ದ್ವೀಪ ಪೋರ್ಚುಗೀಸರ ಕೈಲಿತ್ತು. 1961ರ ನವೆಂಬರ್‌ನಲ್ಲಿ ಅಲ್ಲಿಂದ ಸಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು, ಆಮೇಲೆ ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ಗೋವಾ ಕಾರ್ಯಾಚರಣೆ ಶುರುವಾದಾಗ ಈ ದ್ವೀಪದ ಹೊಣೆ ತ್ರಿಶೂಲ್ ಮತ್ತು ಮೈಸೂರು ಹಡಗುಗಳಿಗೆ ಬಂತು. ದ್ವೀಪಕ್ಕಿಳಿದ ನಾವಿಕರ ಮೇಲೆ ಪೋರ್ಚುಗೀಸರು ಜೋರಾಗಿ ಗುಂಡು ಹಾರಿಸಿದರು. ನಮ್ಮ ಏಳು ಜನ ಅಲ್ಲೇ ಪ್ರಾಣ ಬಿಟ್ಟರು. ಆಮೇಲೆ ಹಡಗುಗಳ ತೋಪುಗಳು ಮಾತಾಡಿದವು, ಮರುದಿನ ದ್ವೀಪ ನಮ್ಮ ಕೈಗೆ ಬಂತು. ಆ ನಾವಿಕರು ಭೂಸೇನೆಯ ತರಬೇತಿ ಪಡೆದವರಲ್ಲ, ಹಡಗಿನ ಜನ. ಗೋವಾ ಬಿಡುಗಡೆ ಅಂದಾಗ ಅಂಜದೀವ್ ಹೆಸರು ಬರೋದೇ ಕಡಿಮೆ. ಕಾರವಾರದ ಮಕ್ಕಳಿಗಾದರೂ ಶಾಲೆಯಲ್ಲಿ ಇದನ್ನು ಹೇಳಿಕೊಡಬೇಕು. ಈಗ ಆ ದ್ವೀಪ ಕದಂಬ ನೌಕಾನೆಲೆಯ ಜೊತೆಗಿದೆ.

1971ರಲ್ಲಿ ಮೈಸೂರು ಪಶ್ಚಿಮ ನೌಕಾಪಡೆಯ ಮುಖ್ಯ ಹಡಗು. ರಿಯರ್ ಅಡ್ಮಿರಲ್ ಕುರುವಿಳಾ ಅದರಿಂದಲೇ ಪಡೆ ನಡೆಸಿದರು. ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ನಂದಾ ಹಿಂದೆ ಇದೇ ಹಡಗಿನ ಕ್ಯಾಪ್ಟನ್ ಆಗಿದ್ದವರು. ಆದರೆ ಡಿಸೆಂಬರ್ 4ರ ರಾತ್ರಿ ಕರಾಚಿಯ ಎದುರು ಪಾಕಿಸ್ತಾನದ ಖೈಬರ್ ಡಿಸ್ಟ್ರಾಯರ್ ಮುಳುಗಿಸಿದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಪುಟ್ಟ ಕ್ಷಿಪಣಿ ದೋಣಿಗಳು. ಒಂದೊಂದೂ ಕೆಲವು ನೂರು ಟನ್ ಅಷ್ಟೇ. ಆ ರಾತ್ರಿಯ ನಂತರ 6 ಇಂಚಿನ ತೋಪು ನಂಬಿ ಯಾರೂ ಸಮುದ್ರಕ್ಕಿಳಿಯುವ ಕಾಲ ಉಳಿಯಲಿಲ್ಲ. ಆದರೆ ಆ ದೋಣಿಗಳನ್ನು ಅಷ್ಟು ಧೈರ್ಯದಿಂದ ಬಳಸಿದ ಅಧಿಕಾರಿಗಳಲ್ಲಿ ಎಷ್ಟೋ ಜನ ಪಳಗಿದ್ದು ಇಂಥ ಹಳೇ ಹಬೆ ಹಡಗುಗಳ ಡೆಕ್ ಮೇಲೆಯೇ.

ಕೊನೆಯ ವರ್ಷಗಳಲ್ಲಿ ಮೈಸೂರು ತರಬೇತಿ ಹಡಗಾಗಿತ್ತು. 1985ರ ಆಗಸ್ಟ್ 20ರಂದು ನಿವೃತ್ತಿ, ಆಮೇಲೆ ಗುಜರಿ. ಹನ್ನೊಂದು ಸೋದರಿಯರಲ್ಲಿ ಒಂದನ್ನೂ ಯಾರೂ ಉಳಿಸಿಕೊಳ್ಳಲಿಲ್ಲ, ಅದು ನನಗೆ ದೊಡ್ಡ ಬೇಸರ. 1999ರಲ್ಲಿ ಸೇವೆಗೆ ಬಂದ ಈಗಿನ ಐಎನ್‌ಎಸ್ ಮೈಸೂರು ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಡಿಸ್ಟ್ರಾಯರ್. ಹಡಗಿನ ಮೈಮೇಲೆ ಹಳೆಯದರ ಅದೇ 60ರ ಸಂಖ್ಯೆ, ಲಾಂಛನದಲ್ಲಿ ಗಂಡಭೇರುಂಡ, ‘ನ ಬಿಭೇತಿ ಕದಾಚನ’ ಎಂಬ ಮೈಸೂರು ಅರಸರ ಧ್ಯೇಯವಾಕ್ಯ. ಉದ್ದದಲ್ಲಿ ಹಳೆಯದಕ್ಕಿಂತ ಆರೇಳು ಮೀಟರ್ ಮಾತ್ರ ಕಡಿಮೆ.

ಹಳೇ ಮೈಸೂರು ಒಳಗೆ ಹೇಗಿತ್ತು ಅಂತ ನೋಡಬೇಕಾದರೆ ಒಂದು ದಾರಿ ಇದೆ. ಲಂಡನ್‌ನಲ್ಲಿ ನೆಂಟರಿಷ್ಟರು ಯಾರಾದರೂ ಇದ್ದು ಹೋಗುವ ಅವಕಾಶ ಬಂದರೆ ಟವರ್ ಬ್ರಿಡ್ಜ್ ಹತ್ತಿರ ಥೇಮ್ಸ್ ನದಿಯಲ್ಲಿ ನಿಂತಿರುವ ಬೆಲ್‌ಫಾಸ್ಟ್ ಹಡಗಿಗೆ ಹೋಗಿ. ಅದು ಟೌನ್ ಕ್ಲಾಸಿನ ಕೊನೆಯ ಜೋಡಿಯಲ್ಲಿ ಒಂದು, ಈಗ ಮ್ಯೂಸಿಯಂ. ಅದರ ಮೂರು ತೋಪಿನ ಟರೆಟ್ ಮತ್ತು ಮೈಸೂರಿನ ಟರೆಟ್ ಒಂದೇ ಮಾದರಿ. ಕೆಳಗೆ ಬಾಯ್ಲರ್ ರೂಮಿಗೂ ಇಳಿದು ನೋಡಬಹುದು. ದೊಡ್ಡಪ್ಪ ಈಗಲೂ ಇದ್ದರೆ ಮೊದಲು ಅವರನ್ನು ಕೂರಿಸಿಕೊಂಡು ಕೇಳಿ, ಟರೆಟ್‌ನಲ್ಲಿದ್ದರಾ, ಎಂಜಿನ್ ರೂಮಿನಲ್ಲಿದ್ದರಾ, ಯಾವ ವರ್ಷಗಳಲ್ಲಿ ಅಂತ. ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆ ಡೆಕ್ಕಿನ ಮೇಲೆ ಓಡಾಡಿದವರು ಕನ್ನಡದಲ್ಲಿ ಹೇಳಿಟ್ಟದ್ದು ತೀರಾ ಕಡಿಮೆ.